ಕುಡಿಯದವನು ಬಿಟ್ಟ ಕುಡಿತ

ಚಿನ್ನದ ಕಸ ಅರೆಯುವ ಆ ಮಿಲ್ ಕಟ್ಟಲು ನನಗೆ ಬಿದ್ದದ್ದು ಇಪ್ಪತ್ತೆರಡು ಸಾವಿರ ರೂಪಾಯಿ. ಹೊಸದು ತರಿಸುವುದಾದರೆ ಲಕ್ಷದ ಮೇಲೆ ಹೇಳಿದ್ದರು. ನಾನು ಗುಜರಿ ಅಂಗಡಿಯವನು, ಹೊಸದಕ್ಕೆ ಹಣ ಕೊಟ್ಟು ಅಭ್ಯಾಸ ಇಲ್ಲದವನು. ಇನ್ನೊಂದು ಮೂರು ಸಾವಿರ ಹಾಕಿದ್ದರೆ ಪಾದರಸದ ಹೊಗೆಯನ್ನು ಹಿಡಿಯುವ ಮುಚ್ಚಳದ ಪಾತ್ರೆಯೂ ಆಗುತ್ತಿತ್ತು. ಹಾಕಲಿಲ್ಲ. ಆ ಹೊಗೆ ಲಾಯಿಲದ ದಾಮೋದರ ಆಚಾರ್ಯರ ಎರಡೂ ಕೈಗಳನ್ನು ತಿಂದಿತು. ಅಷ್ಟೇ ಆಗಿದ್ದರೆ ನಾನು ಅದನ್ನು ಜಿಪುಣತನ ಎಂದು ಕರೆದುಕೊಂಡು ಹೇಗೋ ಬದುಕುತ್ತಿದ್ದೆನೋ ಏನೋ. ಆದರೆ ಅವರ ಕೈ ಯಾಕೆ ನಡುಗುತ್ತದೆ ಎಂದು ಗೊತ್ತಿದ್ದೂ, ಆ ಮನುಷ್ಯ ಕುಡುಕ ಎಂದು ನಾನು ಊರನ್ನು ನಂಬಿಸಿದೆ — ಬಾಯಿ ಬಿಟ್ಟು ಒಂದು ಮಾತನ್ನೂ ಆಡದೆ. ನನ್ನ ತಪ್ಪು ಅದು. ಅದನ್ನು ಬರೆಯುವುದಕ್ಕೇ ಕೂತಿದ್ದೇನೆ.

ನನ್ನ ಹೆಸರು ಶೇಖರ. ಬಿ.ಸಿ.ರೋಡಿನಲ್ಲಿ ಹೆದ್ದಾರಿಯ ಬದಿಗೆ ನನ್ನ ಅಂಗಡಿ. ವೆಲ್ಡಿಂಗ್ ಶಾಪೊಂದರಲ್ಲಿ ರಾಡು ಎತ್ತಿಕೊಡುವ ಕೆಲಸಕ್ಕೆ ಸೇರಿ, ಬಸ್ಸುಗಳ ಹಳೆಯ ಬೇರಿಂಗು, ಸುಟ್ಟ ಮೋಟಾರು ಕೊಂಡು ಮಾರುತ್ತಾ ಸ್ವಂತ ಅಂಗಡಿ ಮಾಡಿದವನು. ಅಪ್ಪ ಬಿಟ್ಟುಹೋದದ್ದು ಏನೂ ಇಲ್ಲ. ಚೌಕಾಶಿಯಲ್ಲಿ ನನ್ನನ್ನು ಸೋಲಿಸಿದವರು ಕಡಿಮೆ. ಗುಟ್ಟೇನೂ ಇಲ್ಲ, ನೀವೂ ಮಾಡಿ ನೋಡಿ: ಬೇಕಾದ ವಸ್ತುವಿನ ಬೆಲೆ ಕೇಳುವಾಗ ಅದರ ಕಡೆ ನೋಡಬಾರದು, ಪಕ್ಕದ್ದನ್ನು ನೋಡುತ್ತಾ ಕೇಳಬೇಕು.

ದಾಮಣ್ಣ — ನಾನು ಹಾಗೆಯೇ ಕರೆಯುತ್ತಿದ್ದದ್ದು — ನನ್ನ ಅಂಗಡಿಗೆ ಬಂದದ್ದು ಒಂದು ರೈಲುಕಂಬಿಯ ತುಂಡು ಹುಡುಕಿಕೊಂಡು. ಅಕ್ಕಸಾಲಿಗರಿಗೆ ಅದು ಒಳ್ಳೆಯ ಅಡಿಗಲ್ಲು ಆಗುತ್ತದೆ. ಅದರ ಮೇಲಿಟ್ಟು ಚಿನ್ನ ಬಡಿಯುತ್ತಾರೆ.

"ಇದಕ್ಕೆಷ್ಟು?" ಎಂದರು, ರೈಲುಕಂಬಿಯನ್ನೇ ನೋಡುತ್ತಾ. ಅಲ್ಲಿಗೇ ಅವರು ಸೋತರು ಎಂದುಕೊಂಡೆ.

"ನಿಮಗೆ ಅಂತ ಎಂಟುನೂರು, ಆಚಾರ್ರೆ."

"ನನಗೆ ಅಂತ ಹೇಳಿದ್ರೆ ಇನ್ನೂರು ಜಾಸ್ತಿ ಅಂತ ಗೊತ್ತುಂಟು ಮಾರಾಯ. ಬೇರೆಯವರಿಗೆ ಎಷ್ಟು, ಅದು ಹೇಳು."

ನಗು ಬಂತು. ಚಾ ತರಿಸಿದೆ. ಗ್ಲಾಸನ್ನು ಮೂರು ಬೆರಳಲ್ಲಿ ಹಿಡಿದು, ತುಂಬಿದ ಚಾ ಒಂದಿಷ್ಟೂ ತುಳುಕದ ಹಾಗೆ ಕುಡಿದರು. ಅಂಥ ಕೈ ಅದು. ಲಾಯಿಲದ ಮನೆಯ ಜಗಲಿಯಲ್ಲೇ ಅವರ ಕೆಲಸ. ಬೆಳ್ತಂಗಡಿಯ ಒಂದು ಚಿನ್ನದಂಗಡಿಗೆ ಕರಿಮಣಿ ಮಾಡಿಕೊಡುತ್ತಿದ್ದರು. ಮದುವೆ ನಿಶ್ಚಯವಾದ ಮನೆಯವರು ಅಂಗಡಿಗೆ ಬಂದು "ಕರಿಮಣಿ ಲಾಯಿಲದ ಆಚಾರ್ಯರ ಕೈಯಲ್ಲೇ ಆಗಬೇಕು" ಎಂದು ಹೇಳಿ ಹೋಗುವಷ್ಟು ಅವರ ಕೈಗುಣದ ಮೇಲೆ ನಂಬಿಕೆ ಇತ್ತು.

ಮಾತಿನ ನಡುವೆ ಕಸದ ವಿಷಯ ಬಂತು. ಚಿನ್ನದ ಕೆಲಸ ಮಾಡುವಲ್ಲಿ ಗುಡಿಸಿದ ಧೂಳು, ಕೈ ತೊಳೆದ ನೀರಿನ ಕೆಸರು, ಚಿನ್ನ ಕರಗಿಸಿ ಒಡೆದ ಮೂಸೆಗಳ ಚೂರು — ಯಾವುದನ್ನೂ ಎಸೆಯುವುದಿಲ್ಲ.

"ಹೊರಗಿನಿಂದ ಒಬ್ಬ ಬರ್ತಾನೆ. ಗೋಣಿಗೆ ಇಷ್ಟು ಅಂತ ಕೊಟ್ಟು ತಗೊಂಡು ಹೋಗ್ತಾನೆ" ಎಂದರು.

"ಕಸಕ್ಕೆ ದುಡ್ಡು ಕೊಡ್ಲಿಕ್ಕೆ ಅವನಿಗೆ ಹುಚ್ಚಾ?"

"ಹುಚ್ಚು ಅವನಿಗಲ್ಲ, ಕೊಡುವ ನಮಗೆ. ಅವನು ಬರುದು ಕಾರಲ್ಲಿ."

ಆ ಸಂಜೆಯೇ ನನ್ನ ತಲೆಯಲ್ಲಿ ಮಿಲ್ ತಿರುಗತೊಡಗಿತ್ತು. ನಮ್ಮ ಕಡೆ ಚಿನ್ನದ ಗಣಿ ಇಲ್ಲದಿದ್ದರೇನು, ಅಕ್ಕಸಾಲಿಗರ ಜಗಲಿಯೇ ಗಣಿ. ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆ — ಮೂರು ಪೇಟೆಯ ಕಸ ಸಿಕ್ಕಿದರೆ ಸಾಕು. ಯಂತ್ರ ನನ್ನದು, ಚಿನ್ನದ ಬುದ್ಧಿ ದಾಮಣ್ಣನದು, ಬಂದದ್ದರಲ್ಲಿ ಅರ್ಧ ಅರ್ಧ. ಅವರು ಒಪ್ಪಿದರು. ಅವರ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಮಿಲ್ ಕೂತಿತು.

ಮಿಲ್ ಅಂದರೆ ದೊಡ್ಡದೇನಲ್ಲ. ದಪ್ಪ ಕಬ್ಬಿಣದ ಪೈಪಿನ ಒಂದು ತುಂಡು, ಎರಡೂ ಬದಿಗೆ ಬೆಸೆದ ತಗಡು, ಒಂದು ಬದಿಯಲ್ಲಿ ರಬ್ಬರು ಹಾಕಿ ಬೋಲ್ಟು ಬಿಗಿಯುವ ಬಾಯಿ. ಹಿಟ್ಟಿನ ಗಿರಣಿಯೊಂದರ ಹಳೆಯ ಮೋಟಾರು, ಬೆಲ್ಟು. ಒಳಗೆ ಲಾರಿ ಬೇರಿಂಗಿನ ಉಕ್ಕಿನ ಗುಂಡುಗಳು, ಸಣ್ಣದು ದೊಡ್ಡದು ಬೆರೆಸಿ. ಕಸವನ್ನು ಮೊದಲು ಸುಟ್ಟು ಬೂದಿ ಮಾಡಿ, ನೀರಿನ ಜೊತೆ ಒಳಗೆ ಹಾಕಿ ತಿರುಗಿಸಿದರೆ ಗುಂಡುಗಳು ಮೇಲಕ್ಕೆ ಹೋಗಿ ಬಿದ್ದು ಬಿದ್ದು ಎಲ್ಲವನ್ನೂ ನುಣ್ಣಗೆ ಅರೆಯುತ್ತವೆ. ಮೊದಮೊದಲು ನಾನು ಜೋರು ತಿರುಗಿಸಿದೆ. ಗುಂಡುಗಳು ಗೋಡೆಗೆ ಅಂಟಿಕೊಂಡು ಸುತ್ತಿದವೇ ಹೊರತು ಬೀಳಲಿಲ್ಲ. ಮೂಡುಬಿದಿರೆಯ ಲೇತಿನಲ್ಲಿ ದೊಡ್ಡ ಚಕ್ರ ಮಾಡಿಸಿ ವೇಗ ಇಳಿಸಿದ ಮೇಲೆ ಸರಿಯಾಯಿತು. ಗುಂಡು ತುಂಬಾ ಹಾಕಬಾರದು, ಅರ್ಧಕ್ಕಿಂತ ಕಡಿಮೆ ಇರಬೇಕು. ಕೇಳಿದರೆ ಗೊತ್ತಾಗುತ್ತದೆ — ಹೆಂಚಿನ ಮಾಡಿನ ಮೇಲೆ ದೊಡ್ಡ ಹನಿ ಮಳೆ ಬಿದ್ದ ಹಾಗೆ ಶಬ್ದ ಬರಬೇಕು. ಗಣಗಣ ಎಂದರೆ ಒಳಗೆ ಮಾಲು ಕಡಿಮೆ, ಬರೇ ಗುಂಡಿಗೆ ಗುಂಡು ಬಡಿದು ಸವೆಯುತ್ತಿದೆ ಎಂದರ್ಥ.

ಅದೃಷ್ಟ ಬೇಗ ಕೂಡಿಬಂತು. ಮೂಡುಬಿದಿರೆಯಲ್ಲಿ ತಲೆಮಾರುಗಳಿಂದ ಚಿನ್ನದ ಕೆಲಸ ನಡೆಯುತ್ತಿದ್ದ ಒಂದು ಹಳೆಯ ಕೋಣೆಯನ್ನು ಕೆಡವುತ್ತಿದ್ದರು. ಅದರ ನೆಲವನ್ನೇ ಕೊಂಡೆ. ಹೌದು, ನೆಲ. ಮಣ್ಣಿನ ನೆಲವನ್ನು ಒಂದಡಿ ಅಗೆದು ಗೋಣಿಗಳಲ್ಲಿ ತುಂಬಿಸಿ ತಂದೆವು. ಎಷ್ಟು ಜನ ಕೂತು ಅರದಲ್ಲಿ ರಾವಿದ ಚಿನ್ನದ ಹುಡಿಯೋ ಆ ಮಣ್ಣಿನಲ್ಲಿ.

ಇನ್ನು ಪಾದರಸದ ಮಾತು. ಅರೆದ ಕೆಸರಿಗೆ ಪಾದರಸ ಹಾಕಿ ಕಲಸಿದರೆ ಅದು ಚಿನ್ನವನ್ನು ಹುಡುಕಿ ಹಿಡಿದುಕೊಳ್ಳುತ್ತದೆ. ತೊಳೆದು, ಬಟ್ಟೆಯಲ್ಲಿ ಹಿಂಡಿದರೆ ಬೆಣ್ಣೆಯಂಥ ಬಿಳಿ ಮುದ್ದೆ ಉಳಿಯುತ್ತದೆ. ಆ ಮುದ್ದೆಯನ್ನು ಕಾಯಿಸಿದರೆ ಪಾದರಸ ಹೊಗೆಯಾಗಿ ಹೋಗಿ ಚಿನ್ನ ಉಳಿಯುತ್ತದೆ. ಕಾಯಿಸುವ ಕೆಲಸ ದಾಮಣ್ಣನದು. ಬೆಂಕಿಯ ಹದ ಅವರಿಗೇ ಗೊತ್ತು ಎಂದು ನಾನೇ ಹೇಳಿ ಅವರಿಗೆ ಬಿಟ್ಟಿದ್ದೆ.

ನನ್ನ ಅಂಗಡಿಯ ಪಕ್ಕದಲ್ಲಿ ಹಮೀದ್ ಬ್ಯಾರಿಯವರ ಸ್ಪೇರ್ ಪಾರ್ಟ್ಸ್ ಅಂಗಡಿ. ಗಲ್ಫಿನಲ್ಲಿ ತುಂಬಾ ವರ್ಷ ದುಡಿದು ಬಂದವರು. ಒಮ್ಮೆ ನನ್ನ ಮೇಜಿನ ಮೇಲಿದ್ದ ಪಾದರಸದ ಬಾಟಲಿ ನೋಡಿ ಕೇಳಿದರು. ಹೇಳಿದೆ.

"ಶೇಖರಣ್ಣ, ಅದರಲ್ಲಿ ಆಟ ಬೇಡ. ನಾನಿದ್ದ ಕಂಪೆನಿಯಲ್ಲಿ ಮೀಟರ್ ರಿಪೇರಿ ಮಾಡುವವ ಒಬ್ಬ ಇದ್ದ. ಕೊನೆಗೆ ಅವನಿಗೆ ಚಾ ಗ್ಲಾಸ್ ಹಿಡೀಲಿಕ್ಕೆ ಆಗ್ತಿರ್ಲಿಲ್ಲ. ಕೈ ಹೀಗೆ, ಹೀಗೆ... ಬಾಯಿ ನಾರ್ತದೆ, ಒಸಡು ಬಾತುಕೊಳ್ತದೆ, ಸಣ್ಣದಕ್ಕೆಲ್ಲ ಸಿಟ್ಟು. ಕಾಯಿಸುವಾಗ ಬರುವ ಹೊಗೆ ಕಣ್ಣಿಗೆ ಕಾಣುದಿಲ್ಲ, ಅದೇ ಕಷ್ಟ."

"ಬಾಗಿಲು ತೆಗೆದಿಟ್ರೆ ಆಯ್ತಲ್ಲ ಬ್ಯಾರಿಗಳೇ?"

"ಬಾಗಿಲಿಂದ ಹೋಗು ಅಂತ ಹೇಳಿದ್ರೆ ಹೋಗ್ಲಿಕ್ಕೆ ಅದೇನು ನೆಂಟನಾ? ಮುಚ್ಚಳದ ಪಾತ್ರೆ ಮಾಡಿಸಿ, ನಳಿಗೆಯನ್ನು ನೀರಿನ ಒಳಗಿಂದ ಹಾಯಿಸಿ ತಣಿಸಿ. ಪಾದರಸ ಪುನಃ ಕೈಗೆ ಸಿಗ್ತದೆ. ನಿಮ್ಮಂಥ ಲೆಕ್ಕದವರಿಗೆ ಅದೇ ಲಾಭ ಅಲ್ವಾ?"

ಅವರು ಹೇಳಿದ್ದು ನನಗೆ ಅರ್ಥವಾಗಲಿಲ್ಲ ಎಂದು ಹೇಳುವ ಹಾಗಿಲ್ಲ. ಚೆನ್ನಾಗಿ ಅರ್ಥವಾಯಿತು. ಈ ಸಲದ ಮಾಲು ಮುಗಿಯಲಿ, ಮುಂದಿನ ಸಲ ಮಾಡಿಸುವ ಎಂದುಕೊಂಡೆ. ಮುಂದಿನ ಸಲವೂ ಹಾಗೆಯೇ ಅಂದುಕೊಂಡೆ. ದಾಮಣ್ಣನಿಗೆ ಹೇಳಲಿಲ್ಲ, ಹೇಳಿದರೆ ಕಾಯಿಸಲು ಒಪ್ಪಲಿಕ್ಕಿಲ್ಲ ಎಂಬ ಹೆದರಿಕೆ. ಆದರೆ ಅಂದಿನಿಂದ — ಇದನ್ನು ಬರೆಯುವಾಗ ಪೆನ್ನು ನಿಲ್ಲುತ್ತದೆ — ಅಂದಿನಿಂದ ಅವರು ಬೆಂಕಿ ಹಚ್ಚಿದ ಕೂಡಲೇ ನಾನು "ಒಂದು ಬೀಡಿ ಸೇದಿ ಬರ್ತೇನೆ" ಎಂದು ಶೆಡ್ಡಿನಿಂದ ಹೊರಗೆ ಬರುತ್ತಿದ್ದೆ. ಪ್ರತಿ ಸಲ. ಅವರು ಒಳಗೆ ಮುದ್ದೆಯ ಮೇಲೆ ಬಗ್ಗಿ ಊದುತ್ತಿದ್ದರು, ನಾನು ಹಲಸಿನ ಮರದ ಬುಡದಲ್ಲಿ ನಿಂತಿರುತ್ತಿದ್ದೆ.

ಮೊದಲು ಕಂಡದ್ದು ಪುಷ್ಪಕ್ಕನಿಗೆ, ದಾಮಣ್ಣನ ಹೆಂಡತಿಗೆ. "ಇವರಿಗೆ ಈಗೀಗ ಎಂತದೋ ಸಿಟ್ಟು, ಶೇಖರಣ್ಣ. ಸಾರಿಗೆ ಉಪ್ಪು ಕಡಿಮೆ ಆದ್ರೆ ಬಟ್ಟಲು ದೂಡ್ತಾರೆ. ಮೊದಲು ಹೀಗೆ ಇರಲಿಲ್ಲ" ಎಂದರು. ಆಮೇಲೆ ಬೆರಳು ನಡುಗತೊಡಗಿತು. ಕರಿಮಣಿಯ ಸಣ್ಣ ಕೊಂಡಿಗೆ ಬೆಸುಗೆಯ ಚೂರು ಇಡುವಾಗ ಚಿಮಟ ಅದುರಿ ಚೂರು ಎಲ್ಲೋ ಹಾರುತ್ತಿತ್ತು. ಹೊಸಬರು ಬಂದರೆ ಮಾತಾಡಲು ನಾಚಿ ಒಳಗೆ ಹೋಗುತ್ತಿದ್ದರು. ಬಾಯಿಯಿಂದ ಒಂಥರಾ ವಾಸನೆ. ಬ್ಯಾರಿಗಳು ಹೇಳಿದ ಒಂದೊಂದೂ ನನ್ನ ಕಣ್ಣೆದುರು ಬಂದು ನಿಂತಿತು. ನಾನು ಸುಮ್ಮನಿದ್ದೆ.

ಒಂದು ದಿನ ಬೆಳ್ತಂಗಡಿಯ ಅಂಗಡಿಗೆ ಚಿನ್ನ ಕೊಡಲು ಹೋಗಿದ್ದೆ. ಅಂಗಡಿಯ ಯಜಮಾನರನ್ನು ನಾವೆಲ್ಲ ಧನಿಗಳು ಎಂದು ಕರೆಯುವುದು. ಗಿರಾಕಿಗಳಿದ್ದರು, ನಮಗೆ ಕಸ ಕೊಡುವ ಒಬ್ಬಿಬ್ಬರು ಆಚಾರಿಗಳೂ ಇದ್ದರು.

"ಶೇಖರ, ನಿನ್ನ ದಾಮೋದರನಿಗೆ ಎಂತ ಆಗಿದೆ ಮಾರಾಯ?" ಎಂದರು ಧನಿಗಳು. "ಮೊನ್ನೆ ಕರಿಮಣಿ ತಂದುಕೊಟ್ಟ, ಬೆಸುಗೆ ಎಲ್ಲ ಗಂಟುಗಂಟು. ಕೊಡುವಾಗ ಕೈ ನೋಡಿದ್ರೆ ಪಾರಿವಾಳದ ರೆಕ್ಕೆಯ ಹಾಗೆ. ಹತ್ತಿರ ಬಂದ್ರೆ ವಾಸನೆ ಬೇರೆ."

ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಎಲ್ಲ ಲೆಕ್ಕ ಹಾಕಿದೆ. ಪಾದರಸ ಎಂದು ಹೇಳಿದರೆ ಇಲ್ಲಿರುವ ಆಚಾರಿಗಳು ಹೆದರಿ ನಾಳೆಯಿಂದ ಕಸ ಕೊಡುವುದಿಲ್ಲ. ಮೂರು ಪೇಟೆಗೂ ಸುದ್ದಿ ಹೋಗುತ್ತದೆ. ಮಿಲ್ ನಿಲ್ಲುತ್ತದೆ. ಗೊತ್ತಿಲ್ಲ ಎಂದರೆ ಧನಿಗಳು ಕೆದಕುತ್ತಾರೆ. ನಾನು ಏನೂ ಹೇಳಲಿಲ್ಲ. ನಾಲ್ಕು ಬೆರಳು ಮಡಚಿ ಹೆಬ್ಬೆರಳನ್ನು ತುಟಿಯ ಹತ್ತಿರ ತಂದೆ. ಅಷ್ಟೇ.

"ಓಹೋ! ಆಚಾರ್ಯರಿಗೂ ಸಂಜೆಯ ಪೂಜೆ ಉಂಟಾ?" ಎಂದು ಧನಿಗಳು ನಕ್ಕರು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ಶೇಂದಿಯ ವಾಸನೆಗೂ ಆಗದ ಮನುಷ್ಯ ಅವರು. ಭೂತಕೋಲದ ದಿನ ಎಲ್ಲರೂ ಗುಟುಕು ಹಾಕುವಾಗ ಬೆಲ್ಲ ನೀರು ಕುಡಿದು ಎದ್ದು ಹೋಗುವವರು ಎಂದು ನಾನೇ ಎಷ್ಟೋ ಸಲ ತಮಾಷೆ ಮಾಡಿದ್ದುಂಟು.

ಅಂಗಡಿಯಿಂದ ಕೆಲಸ ಬರುವುದು ನಿಂತಿತು. ದಾಮಣ್ಣ ಬಸ್ಸು ಹತ್ತಿ ಬಿ.ಸಿ.ರೋಡಿಗೆ ನನ್ನನ್ನೇ ಹುಡುಕಿಕೊಂಡು ಬಂದರು. ಇನ್ನಾರಲ್ಲಿಗೆ ಹೋಗುತ್ತಾರೆ.

"ಶೇಖರಾ, ನಾನು ಕುಡಿಯುದನ್ನು ನೀನು ಯಾವತ್ತಾದ್ರೂ ನೋಡಿದ್ದುಂಟಾ?"

"ಇಲ್ಲ ದಾಮಣ್ಣ."

"ಮತ್ತೆ ಧನಿಗಳಿಗೆ ಯಾರು ಹೇಳಿದ್ದು?"

"ಜನ ಮಾರಾಯ್ರೆ. ಜನರ ಬಾಯಿಗೆ ಮುಚ್ಚಳ ಉಂಟಾ?"

ಅವರು ಅಳುವವರ ಹಾಗಿದ್ದರು. ನನಗೆ ಅವರನ್ನು ಹೇಗಾದರೂ ಸರಿ ಮಾಡಿ ಕಳಿಸಬೇಕಿತ್ತು. ಉಪಾಯ ಹೇಳುವುದು ನನ್ನ ಚಟ. ಅಂಗಡಿಗೆ ಬಂದವರಿಗೆಲ್ಲ ಹೇಳುತ್ತೇನೆ, ಬೋರ್‌ವೆಲ್‌ನಿಂದ ಹಿಡಿದು ಮಗಳ ಮದುವೆಯವರೆಗೆ. ಆ ದಿನವೂ ಒಂದು ಹೊಳೆಯಿತು. ಎಷ್ಟು ಚಂದದ ಉಪಾಯ ಎಂದು ನನಗೇ ಹೆಮ್ಮೆ ಅನಿಸಿತ್ತು.

"ದಾಮಣ್ಣ, ಧನಿಗಳು ದೈವಭಕ್ತರು. ಧರ್ಮಸ್ಥಳಕ್ಕೆ ಹೋಗುವ. ಅವರನ್ನೂ ಕರೆಯುವ. ಇನ್ನು ಮುಂದೆ ಕುಡಿಯುದಿಲ್ಲ ಅಂತ ಸ್ವಾಮಿಯ ಎದುರು ಒಂದು ಮಾತು ಹೇಳಿಬಿಡಿ. ಮರುದಿನ ನಿಮ್ಮ ಕೆಲಸ ನಿಮಗೆ."

"ಕುಡಿಯದವ ಬಿಡುದು ಹೇಗೆ ಮಾರಾಯ?"

"ಕುಡಿಯದವನಿಗೇ ಅಲ್ವಾ ಸುಲಭ! ಕುಡಿಯುವವ ಆಣೆ ಹಾಕಿದ್ರೆ ತಪ್ಪುವ ಹೆದರಿಕೆ. ನಿಮಗೆಂತ ಹೆದರಿಕೆ?"

"ದೇವರ ಎದುರು ಸುಳ್ಳು ಆಗ್ತದಲ್ಲ..."

"ಸುಳ್ಳು ಎಲ್ಲಿ? ಇನ್ನು ಮುಂದೆ ನೀವು ಕುಡಿಯುತ್ತೀರಾ?"

"ಇಲ್ಲ."

"ಮತ್ತೆ?"

ಚೌಕಾಶಿಯಲ್ಲಿ ಎದುರಿನವನು ಸುಮ್ಮನಾದರೆ ಗೆದ್ದ ಹಾಗೆ ಎಂದು ನನಗೆ ಅಭ್ಯಾಸ.

ಲಾಯಿಲದ ಮನೆಯಲ್ಲಿ ಪುಷ್ಪಕ್ಕ ಮಾತ್ರ ಬಾಗಿಲ ದಾರಂದ ಹಿಡಿದು ನಿಂತು ಹೇಳಿದ್ದರು: "ಮಾಡದ್ದನ್ನು ಬಿಡ್ತೇನೆ ಅಂತ ಹೇಳುದು ಮಾಡಿದ್ದೇನೆ ಅಂತ ಒಪ್ಪಿದ ಹಾಗೆ ಅಲ್ವಾ? ನಾನು ಬರುದಿಲ್ಲ." ಆದರೂ ಬಂದರು. ನೇತ್ರಾವತಿಯಲ್ಲಿ ಮುಳುಗಿ ಎದ್ದ ಮೇಲೆ ಗಂಡ ಮೈ ಒರೆಸಿದ ಒದ್ದೆ ಬೈರಾಸನ್ನು ಅವರೇ ಹಿಂಡಿದರು, ದಾಮಣ್ಣನ ಕೈಯಲ್ಲಿ ಹಿಂಡಲು ಆಗುತ್ತಿರಲಿಲ್ಲ. ಧನಿಗಳು ಬಿಳಿ ಶಾಲು ಹೊದ್ದು ಬಂದಿದ್ದರು. ದೇವರ ಎದುರು ದಾಮಣ್ಣ ಕೈಮುಗಿದು "ಇನ್ನು ಮುಟ್ಟುವುದಿಲ್ಲ ಸ್ವಾಮೀ" ಎಂದರು. ಆಮೇಲೆ ಊಟಕ್ಕೆ ಕೂತಾಗ ಧನಿಗಳು ಪಕ್ಕದ ಎಲೆಯ ಪರಿಚಯದವರಿಗೆ ಒಳ್ಳೆಯ ಮನಸ್ಸಿನಿಂದಲೇ ಹೇಳಿದರು: "ನಮ್ಮ ದಾಮೋದರ ಇವತ್ತು ಕುಡಿತ ಬಿಟ್ಟ." ದಾಮಣ್ಣ ಎಲೆಯಿಂದ ತಲೆ ಎತ್ತಲಿಲ್ಲ.

ಕೆಲಸ ಮತ್ತೆ ಬಂತು. ನನ್ನ ಉಪಾಯ ಫಲಿಸಿತು. ಆದರೆ ಕೈ ನಿಲ್ಲಲಿಲ್ಲ. ಹೇಗೆ ನಿಲ್ಲುತ್ತದೆ — ಮಿಲ್ ನಡೆಯುತ್ತಲೇ ಇತ್ತು, ಅವರು ಕಾಯಿಸುತ್ತಲೇ ಇದ್ದರು. ಆ ಮಳೆಗಾಲ ಕಳೆಯುವಷ್ಟರಲ್ಲಿ ನಡುಕ ಮೊಣಕೈಯವರೆಗೆ ಏರಿತ್ತು. ಈಗ ಊರು ನೋಡಿದ್ದು ಬರೀ ಕುಡುಕನನ್ನಲ್ಲ. ಧರ್ಮಸ್ಥಳದಲ್ಲಿ ಆಣೆ ಹಾಕಿ ಬಂದು ತಪ್ಪಿದವನನ್ನು. ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕುಡುಕನಿಗೆ ಮನೆಯ ಬಾಗಿಲು ತೆರೆದಾರು, ಅಲ್ಲಿ ಕೊಟ್ಟ ಮಾತು ಮುರಿದವನಿಗೆ ಯಾರೂ ತೆರೆಯುವುದಿಲ್ಲ. ಧನಿಗಳು ಈ ಸಲ ನಗಲಿಲ್ಲ.

"ಶೇಖರ, ಕೆಲಸದ ದೋಷ ಆದ್ರೆ ನಾನು ಸಹಿಸ್ತೇನೆ. ಆದ್ರೆ ದೇವರಿಗೆ ತಪ್ಪಿದ ಕೈಯಲ್ಲಿ ಮಾಡಿದ ಕರಿಮಣಿಯನ್ನು ಯಾವ ಹೆಣ್ಣಿನ ಕುತ್ತಿಗೆಗೆ ಕಟ್ಟಿಸುದು? ನೀನೇ ಹೇಳು."

ಆ ಕ್ಷಣದಲ್ಲಿ ಹೇಳಬಹುದಿತ್ತು. ಧನಿಗಳು ಕೇಳುವವರು. ಬಾಯಿಯವರೆಗೆ ಬಂದಿತ್ತು... ಇಲ್ಲ, ಬಂದಿರಲಿಲ್ಲ. ಈಗ ಹಾಗೆ ಬರೆದರೆ ಚಂದ ಕಾಣುತ್ತದೆ ಎಂದು ಬರೆಯಹೊರಟೆ. ನನಗೆ ಆಗ ನೆನಪಿದ್ದದ್ದು ಶೆಡ್ಡಿನಲ್ಲಿ ಇನ್ನೂ ಅರೆಯದೆ ಉಳಿದಿದ್ದ ಮೂಡುಬಿದಿರೆಯ ಮಣ್ಣಿನ ಗೋಣಿಗಳು.

ಜಗಲಿಯ ಕೆಲಸ ಹೋದ ಮೇಲೆ ದಾಮಣ್ಣನಿಗೆ ಉಳಿದದ್ದು ಮಿಲ್ ಒಂದೇ. ಇಡೀ ದಿನ ಶೆಡ್ಡಿನಲ್ಲೇ. ಅವರ ಹೊಟ್ಟೆಪಾಡನ್ನು ನಾನೇ ಆ ಹೊಗೆಯ ಒಳಗೆ ತಳ್ಳಿ ಬಾಗಿಲು ಹಾಕಿದ ಹಾಗಾಯಿತು. ಅವರ ನಂಬಿಕೆ ಬೇರೆಯೇ ಇತ್ತು. ಕುಡಿಯದೆ ಕುಡಿದೆ ಎಂದು ಒಪ್ಪಿಕೊಂಡು ದೇವರ ಎದುರು ಸುಳ್ಳು ಹೇಳಿ ನಿಂತದ್ದಕ್ಕೇ ಕೈ ನಡುಗುತ್ತಿದೆ ಎಂದುಕೊಂಡಿದ್ದರು. ಸೋಮವಾರ ಸೋಮವಾರ ಉಪವಾಸ ಮಾಡುತ್ತಿದ್ದರು. ಉಪವಾಸದ ಹೊಟ್ಟೆಯಲ್ಲೇ ಬಂದು ಮುದ್ದೆ ಕಾಯಿಸುತ್ತಿದ್ದರು.

ಪುಷ್ಪಕ್ಕನ ಒತ್ತಾಯಕ್ಕೆ ಒಮ್ಮೆ ಮಂಗಳೂರಿನ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ನನ್ನದೇ ಗಾಡಿ, ನಾನೇ ಪಕ್ಕದಲ್ಲಿ ಕೂತದ್ದು. ಡಾಕ್ಟರು ಕೈ ಚಾಚಿಸಿ ನೋಡಿದರು.

"ಕುಡಿತ ಉಂಟಾ?"

ದಾಮಣ್ಣ ನನ್ನ ಮುಖ ನೋಡಿದರು. ಯಾವತ್ತೂ ಕುಡಿದಿಲ್ಲ ಎಂದರೆ ಧರ್ಮಸ್ಥಳದಲ್ಲಿ ಹೇಳಿದ್ದು ಸುಳ್ಳಾಗುತ್ತದೆ, ಎರಡನೇ ಸಲ ದೇವರಿಗೆ ತಪ್ಪಿದ ಹಾಗೆ.

"ಬಿಟ್ಟಿದ್ದೇನೆ ಡಾಕ್ಟ್ರೆ" ಎಂದರು.

ಡಾಕ್ಟರು ತಲೆಯಾಡಿಸಿ ಬರೆದುಕೊಂಡರು. ಅವರ ತಪ್ಪೇನೂ ಇಲ್ಲ. ಆಮೇಲೆ ಕೇಳಿದ್ದು ಕೆಲಸ ಏನು ಎಂದು. "ಚಿನ್ನದ ಕೆಲಸ, ಕೂತು ಮಾಡುವಂಥದ್ದು" ಎಂದು ನಾನೇ ಉತ್ತರ ಕೊಟ್ಟೆ. ನಾಲ್ಕಕ್ಷರದ ಒಂದು ಪದ ನನ್ನ ಬಾಯಲ್ಲಿತ್ತು. ಅದನ್ನು ನುಂಗಿ, ಮಾತ್ರೆಯ ಚೀಟಿ ತೆಗೆದುಕೊಂಡು, ಹೊರಗೆ ಬಂದು ದಾಮಣ್ಣನಿಗೆ ಇಡ್ಲಿ ತಿನ್ನಿಸಿದೆ. ಚಮಚ ಬಾಯಿಗೆ ಹೋಗುವ ಮೊದಲೇ ಸಾಂಬಾರು ಎದೆಯ ಮೇಲೆ ಚೆಲ್ಲುತ್ತಿತ್ತು.

ಮಿಲ್ ನಿಂತದ್ದು ನಾನು ನಿಲ್ಲಿಸಿದ್ದರಿಂದ ಅಲ್ಲ. ದಾಮಣ್ಣನಿಗೆ ಊದುಗೊಳವೆ ಹಿಡಿಯಲು ಆಗದೆ ನಿಂತಿತು.

ವರ್ಷಗಳು ಹೋದವು. ಧನಿಗಳು ತೀರಿಕೊಂಡರು, ಅವರ ಅಂಗಡಿಯಲ್ಲಿ ಈಗ ಮೊಬೈಲ್ ಮಾರುತ್ತಾರೆ. ಕಳೆದ ವರ್ಷ ಬೆಳ್ತಂಗಡಿಯ ಒಂದು ಸಭಾಭವನದಲ್ಲಿ ಮದುವೆಯೂಟಕ್ಕೆ ಕೂತಿದ್ದೆ. ಎದುರಿನ ಸಾಲಿನಲ್ಲಿ ದಾಮಣ್ಣ. ಪುಷ್ಪಕ್ಕ ಅನ್ನ ಕಲಸಿ ಕೊಡುತ್ತಿದ್ದರು. ಬಡಿಸಲು ಬಂದ ಒಬ್ಬ ಹುಡುಗ — ಮಿಲ್ ತಿರುಗುತ್ತಿದ್ದಾಗ ಅವನು ಹುಟ್ಟಿದ್ದನೋ ಇಲ್ಲವೋ — ಇನ್ನೊಬ್ಬನಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು: "ಆಣೆ ಹಾಕಿ ತಪ್ಪಿದ ಆಚಾರ್ಯರು ಅವರೇ. ಕೈ ನೋಡು, ದೇವರು ಬಿಟ್ಟಿಲ್ಲ."

ನಾನು ಪಾಯಸಕ್ಕೆ ಕಾಯದೆ ಎದ್ದೆ. ಮರುದಿನ ಲಾಯಿಲಕ್ಕೆ ಹೋದೆ.

ಎಲ್ಲ ಹೇಳಿದೆ. ಪಾದರಸ, ಬ್ಯಾರಿಗಳ ಮಾತು, ಹೆಬ್ಬೆರಳು. ಪುಷ್ಪಕ್ಕ ಅಕ್ಕಿ ಆರಿಸುತ್ತಿದ್ದವರು ಗೆರಸೆ ಕೆಳಗಿಟ್ಟರು. ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಹಗುರವಾಗುತ್ತಿತ್ತು. ದಾಮಣ್ಣನ ತೊಡೆಯ ಮೇಲೆ ಒಂದು ಕೈ ಇನ್ನೊಂದನ್ನು ಹಿಡಿದುಕೊಂಡಿತ್ತು, ಎರಡೂ ಅದುರುತ್ತಿದ್ದವು. ಕೊನೆಗೆ ಒಂದೇ ಕೇಳಿದರು.

"ಶೇಖರಾ, ನೀನು ಹೊರಗೆ ಹೋಗ್ತಾ ಇದ್ದದ್ದು ಬೀಡಿಗಾ, ಹೊಗೆಗೆ ಹೆದರಿಯಾ?"

"ಹೊಗೆಗೆ ಹೆದರಿ."

"ಹ್ಞೂಂ" ಎಂದರು. ಮತ್ತೆ ಏನೂ ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ.

ಕ್ಷಮೆ ಕೇಳಲು ಬಾಯಿ ತೆರೆದೆ. ಪುಷ್ಪಕ್ಕ ತಡೆದರು. "ನಮ್ಮ ಹತ್ತಿರ ಹೇಳಿ ಎಂತ ಪ್ರಯೋಜನ ಶೇಖರಣ್ಣ? ಇವರು ಕುಡಿದಿಲ್ಲ ಅಂತ ನಮಗೆ ಗೊತ್ತುಂಟು. ಗೊತ್ತಿಲ್ಲದವರ ಹತ್ತಿರ ಹೋಗಿ ಹೇಳಿ."

ಆ ನಂತರ ಅವರನ್ನು ಬೇರೆ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ, ಈ ಸಲ ಬಾಗಿಲಲ್ಲೇ ಎಲ್ಲ ಹೇಳಿದೆ. ಆಗಲೇ ಹೊಗೆಯಿಂದ ದೂರ ಇಟ್ಟು ಮದ್ದು ಮಾಡಿದ್ದರೆ ತುಂಬಾ ಕಡಿಮೆಯಾಗುತ್ತಿತ್ತು, ಈಗ ಇರುವ ನಡುಕ ಹೀಗೆಯೇ ಉಳಿಯಬಹುದು ಎಂದರು. ಗೊತ್ತಿಲ್ಲದವರ ಹತ್ತಿರ ಹೇಳುವುದು ಇನ್ನೂ ಕಷ್ಟವಾಯಿತು. ಧನಿಗಳಿಲ್ಲ. ಆ ದಿನ ಅಂಗಡಿಯಲ್ಲಿ ನಕ್ಕವರು ಯಾರು ಯಾರು ಎಂದು ನನಗೆ ನೆನಪಿಲ್ಲ. ಸಿಕ್ಕಿದ ಒಬ್ಬಿಬ್ಬರಿಗೆ ಹೇಳಿದರೆ "ಹಳೇ ಕಥೆ ಈಗ ಎಂತಕ್ಕೆ" ಎಂದು ಚಾ ತರಿಸುತ್ತಾರೆ. ಅದಕ್ಕೇ ಬರೆದದ್ದು. ಓದಿದವರು ಬೆಳ್ತಂಗಡಿ ಕಡೆಯವರಾದರೆ ಇನ್ನೊಬ್ಬರಿಗೆ ಹೇಳ್ತಾ ಹೋಗಿ: ಲಾಯಿಲದ ದಾಮೋದರ ಆಚಾರ್ಯರು ಜೀವಮಾನದಲ್ಲಿ ಕುಡಿದವರಲ್ಲ, ದೇವರಿಗೆ ತಪ್ಪಿದವರಲ್ಲ. ಆಣೆಯ ಮಾತನ್ನು ಅವರ ಬಾಯಿಗೆ ಹಾಕಿದವನು ಬಿ.ಸಿ.ರೋಡಿನ ಗುಜರಿ ಶೇಖರ.

ಈಗಲೂ ಅಲ್ಲಲ್ಲಿ ಇಂಥ ಮಿಲ್ ಕಟ್ಟುವವರಿದ್ದಾರೆ, ಬೇರಿಂಗಿನ ಉಕ್ಕಿನ ಗುಂಡು ಕೇಳಿಕೊಂಡು ನನ್ನ ಅಂಗಡಿಗೇ ಬರುತ್ತಾರೆ. ಅವರಿಗೆ ಹೇಳುವುದನ್ನು ನಿಮಗೂ ಹೇಳುತ್ತೇನೆ. ಒಣಗಿದ್ದನ್ನು ಅರೆಯಬೇಡಿ, ನೀರು ಹಾಕಿ. ಮೂಸೆಯ ಧೂಳು ಪುಪ್ಪುಸಕ್ಕೆ ಒಳ್ಳೆಯದಲ್ಲ. ಒಬ್ಬರ ಮಾಲು ಮುಗಿದ ಮೇಲೆ ಬರೀ ಮರಳು ಹಾಕಿ ಸ್ವಲ್ಪ ತಿರುಗಿಸಿ, ಅಂಟಿಕೊಂಡ ಚಿನ್ನ ಬಿಟ್ಟು ಬರುತ್ತದೆ. ಅದು ಆ ಮಾಲಿನವರದ್ದೇ, ನಿಮ್ಮದಲ್ಲ. ನುಣ್ಣಗೆ ಅರೆದು ನಿಧಾನಕ್ಕೆ ತೊಳೆದರೆ ಭಾರದ ಚಿನ್ನ ತಳದಲ್ಲಿ ನಿಲ್ಲುತ್ತದೆ, ಬಿಳಿಗಾರ ಹಾಕಿ ಕರಗಿಸಿ, ಪಾದರಸ ಬೇಡವೇ ಬೇಡ. ಸ್ವಲ್ಪ ಕಡಿಮೆ ಸಿಗಬಹುದು. ಸಿಗಲಿ. ಈಗಾಗಲೇ ಪಾದರಸ ಬಳಸುತ್ತಿದ್ದರೆ ಇವತ್ತೇ ನಿಲ್ಲಿಸಿ. ಕಾಯಿಸಿದವರ ಬಟ್ಟೆಯನ್ನು ಮಕ್ಕಳ ಬಟ್ಟೆಯ ಜೊತೆ ಒಗೆಯಬೇಡಿ. ಯಾರದ್ದಾದರೂ ಬೆರಳು ನಡುಗಿದರೆ ಬೇಗ ಡಾಕ್ಟರರ ಹತ್ತಿರ ಹೋಗಿ, ರಕ್ತ ಮೂತ್ರ ಪರೀಕ್ಷೆ ಮಾಡಿಸಿ. ಕೂತ ಕೂಡಲೇ ಪಾದರಸ ಎಂಬ ಮಾತನ್ನು ನೀವೇ ಮೊದಲು ಹೇಳಿ. ಪಕ್ಕದಲ್ಲಿ ಕೂತವನು ಹೇಳುತ್ತಾನೆ ಎಂದು ಕಾಯಬೇಡಿ. ಪಕ್ಕದಲ್ಲಿ ಕೂತವನು ನನ್ನಂಥವನಾಗಿರಬಹುದು.